ಹೊಟ್ಟೆಯ ಮೇಲಿನ ರೇಡಿಯೋ

ಡೈರಿಯೊಳಗಿನ ನೀಲಿ ದಾರ ತಾನಾಗಿ ಜಾಗ ಬದಲಾಯಿಸುವುದಿಲ್ಲ.

ಈ ಮಾತನ್ನು ಸರ್ವಮಂಗಳ ಹನ್ನೊಂದು ದಿನಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡ ಮೇಲೆ, ಇಲಿ ಎಳೆದಿರಬೇಕು ಎಂದು ಸಮಾಧಾನವನ್ನೂ ತಾನೇ ಹೇಳಿಕೊಳ್ಳುತ್ತಿದ್ದಳು. ಬೀಗ ಹಾಕಿದ ಟ್ರಂಕಿನೊಳಗೆ ಇಲಿ ಹೋಗುವುದು ಹೇಗೆ ಎಂಬ ಪ್ರಶ್ನೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಮಾರ್ಚ್ ತಿಂಗಳ ಪುಟದಲ್ಲಿ ಅವಳು ಇಟ್ಟಿದ್ದ ದಾರ ಜನವರಿ ಹತ್ತೊಂಬತ್ತರ ಪುಟಕ್ಕೆ ಹೋಗಿ ಕೂತಿತ್ತು. ವರ್ಷದ ಎಲ್ಲ ಪುಟಗಳಲ್ಲಿ ಆ ಒಂದು ಪುಟಕ್ಕೇ.

"ಏನವ್ವಾ, ಮನಸ್ಸು ಎಲ್ಲೋ ಮೇಯಕ್ಕೋದಂಗದೆ?"

ನರ್ಸಿಂಗ್ ಹೋಮಿನ ರಿಜಿಸ್ಟರು ಬರೆಯುವ ಸರ್ವಮಂಗಳ ಬೆಚ್ಚಿ ತಲೆಯೆತ್ತಿದಳು. ರೆಕಾರ್ಡ್ ರೂಮಿನ ಬಾಗಿಲಲ್ಲಿ ಬೆಟ್ಟಯ್ಯ ನಿಂತಿದ್ದರು. ರಿಟೈರ್ಡ್ ಸರ್ಕಲ್ ಇನ್ಸ್‌ಪೆಕ್ಟರ್. ಕುಣಿಗಲ್ಲಿನಿಂದ ಬೆಳಗಿನ ಪ್ರೈವೇಟ್ ಬಸ್ಸಿಗೆ ಬಂದಿದ್ದರು. ಕೈಯಲ್ಲೊಂದು ಉಬ್ಬಿದ ಕೈಚೀಲ.

ಹೋದ ಶನಿವಾರ ತುಮಕೂರಿನ ಈ ಕದರಯ್ಯ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮಹಾಲಿಂಗಯ್ಯ ಮಂಚದ ಮೇಲೇ ಸತ್ತಿದ್ದರು. ಡ್ಯೂಟಿ ಡಾಕ್ಟರ್ ಆಂಜನಪ್ಪನೇ ಎದೆಗೆ ಕರೆಂಟು ಕೊಟ್ಟು ಕೊಂದ ಎಂದು ಸತ್ತವರ ತಮ್ಮ ದೂರು ಬರೆದುಕೊಟ್ಟಿದ್ದರು. ಇವತ್ತು ಎರಡು ಗಂಟೆಗೆ ಪೊಲೀಸರು ಡಾಕ್ಟರನ್ನು ಕರೆದೊಯ್ಯಲು ಬರುವವರಿದ್ದರು. ಅದಕ್ಕೆ ಮುಂಚೆ ನಿಜ ಏನೆಂದು ನೋಡಿಕೊಡಿ ಎಂದು ಕದರಯ್ಯ ಡಾಕ್ಟರೇ ಬೆಟ್ಟಯ್ಯನವರನ್ನು ಕೇಳಿಕೊಂಡಿದ್ದರು. ಈಗ ಹನ್ನೆರಡೂವರೆ.

ಬೆಟ್ಟಯ್ಯ ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ಒಂದು ಕೈಗಡಿಯಾರ ತೆಗೆದು ಮೇಜಿನ ಮೇಲಿಟ್ಟರು.

"ಟೈಮ್ ಎಷ್ಟು ತೋರಿಸ್ತದೆ?"

"ಹನ್ನೆರಡೂ ಐವತ್ತು, ಸಾರ್."

"ಗೋಡೆ ಗಡಿಯಾರದಲ್ಲಿ?"

"ಹನ್ನೆರಡೂವರೆ."

"ಬೆಳಿಗ್ಗೆ ಆರಕ್ಕೆ ಸರಿ ಮಾಡಿ ಇಟ್ಟಿದ್ದೆ. ಆರೂವರೆ ಗಂಟೇಲಿ ಇಪ್ಪತ್ತು ನಿಮಿಷ ಮುಂದಕ್ಕೆ ಓಡದೆ. ಸತ್ತೋರ ವಾಚಿದು. ಹತ್ತು ವರ್ಷದಿಂದ ಒಂದು ನಿಮಿಷ ಹಿಂದುಮುಂದಾಗಿಲ್ಲ, ಇವರು ಸತ್ತ ದಿವಸದಿಂದ ಹಿಂಗೆ ಓಡ್ತದೆ ಅಂತ ಹೆಂಡ್ತಿ ಶಕುಂತಲಮ್ಮ ಅತ್ಕೊಂಡು ಕೊಟ್ರು. ಯಜಮಾನ್ರ ಪ್ರಾಣ ಅದರೊಳಗೆ ಸೇರ್ಕೊಂಡದೆ ಅಂತ ಆಯಮ್ಮನ ನಂಬಿಕೆ. ನಾನು ಚಿಕ್ಕಪೇಟೆ ವಾಚ್ ರಿಪೇರಿಯೋನ ಹತ್ರ ಹೋದೆ. ಪ್ರಾಣಗೀಣ ಏನಿಲ್ಲ ಸಾಮಿ, ಒಳಗಿನ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದದೆ ಅಂದ. ಸಣ್ಣಪುಟ್ಟದಲ್ಲ, ಗಟ್ಟಿ ಅಯಸ್ಕಾಂತ."

ಸರ್ವಮಂಗಳಳ ಕೈ ಮೇಜಿನ ಕೆಳಗೆ ಸೆರಗಿನ ತುದಿಯನ್ನು ಹಿಡಿದುಕೊಂಡಿತು.

"ಮಂಚದ ಮೇಲೆ ಮಲಗಿದ್ದೋನ ಕೈಗೆ ಅಯಸ್ಕಾಂತ ಎಲ್ಲಿಂದ ಬಂತು? ಅದೇ ಇಲ್ಲಿಗೆ ಕರಕೊಂಡು ಬಂತು ನೋಡು." ಚೀಲದಿಂದ ಎರಡನೆಯ ವಸ್ತು ಹೊರಬಂತು: ತೆಳ್ಳನೆಯ ಇಂಗ್ಲಿಷ್ ಪುಸ್ತಕ, ಅದರ ಮೇಲೆ ಅಂಗೈಯಗಲದ ಕಾರ್ಡು. ಕಾರ್ಡಿನ ತುಂಬ ಕುಂಕುಮ, ವಿಭೂತಿ. ಮೂಲೆಯಲ್ಲಿ ಒಣಗಿದ ಸೇವಂತಿಗೆಯ ಎಸಳೊಂದು ಅಂಟಿಕೊಂಡಿತ್ತು.

"ಇದೆಲ್ಲಿತ್ತು ಹೇಳು? ದೇವರ ಗೂಡಲ್ಲಿ. ಹೋದ ವರ್ಷ ಮಠದೋರ ಜೊತೆ ಅಮೆರಿಕಕ್ಕೆ ಹೋಗಿದ್ರಲ್ಲ, ಅಲ್ಲಿ ಬಿದ್ದು, ಆಪರೇಷನ್ ಆಗಿ, ಹೊಟ್ಟೇಲೊಂದು ಮಿಷನ್ ಇಡಿಸ್ಕೊಂಡು ಬಂದವ್ರೆ. ಆಯುಧಪೂಜೆ ದಿವಸ ತಕ್ಕಡಿಗೆ, ತೂಕದ ಬಟ್ಟಿಗೆ, ಕೊಬ್ಬರಿ ಸುಲಿಯೋ ಮಚ್ಚಿಗೆ ಎಲ್ಲಕ್ಕೂ ಪೂಜೆ ಆಯ್ತು. ಹೊಟ್ಟೆ ಒಳಗಿರೋ ಮಿಷನ್ನಿಗೆ ಹೆಂಗೆ ಮಾಡೋದು? ಅದರ ಬದ್ಲು, ಯಾವಾಗ್ಲೂ ಜೇಬಲ್ಲಿರಬೇಕಾದ ಮಿಷನ್ನಿನ ಗುರುತಿನ ಕಾರ್ಡಿಗೆ ಮಾಡವ್ರೆ. ಆವತ್ತು ಗೂಡು ಸೇರಿದ್ದು ಜೇಬಿಗೆ ವಾಪಸ್ ಬರಲೇ ಇಲ್ಲ."

ಅದು ಸರ್ವಮಂಗಳಳಿಗೆ ಗೊತ್ತಿತ್ತು. ಜನವರಿಯಲ್ಲಿ ಇದೇ ಮೇಜಿನ ಆಚೆ ಬದಿಯಲ್ಲಿ ಕೂತು ಮಹಾಲಿಂಗಯ್ಯ ನಕ್ಕಿದ್ದರು: 'ಪೂಜೆ ಆಗಿರೋದನ್ನ ಜೇಬಿಗೆ ಹಾಕ್ಕೊಂಡು ಎಲ್ಲೆಂದರಲ್ಲಿ ಕೂರೋಕಾಗುತ್ತೇನಮ್ಮ?'

ಬಾಗಿಲಲ್ಲಿ ನೆರಳಾಡಿತು. ಡಾಕ್ಟರ್ ಆಂಜನಪ್ಪ ಒಳಗೆ ಬಂದರು. ಹುಲಿಯೂರುದುರ್ಗದ ಕಡೆಯವರು, ಮನೆತನದಲ್ಲಿ ಮೊದಲು ಓದಿದವರು. ಐದು ದಿನದಿಂದ ಕ್ಷೌರ ಮಾಡಿಸಿರಲಿಲ್ಲ. ಬಿಳಿ ಕೋಟು ಮಾತ್ರ ಇಸ್ತ್ರಿಯಾಗಿತ್ತು.

"ಕರೆಸಿದ್ರಂತೆ."

"ಕೂತ್ಕಳಿ ಡಾಕ್ಟ್ರೇ. ನಮ್ಮ ಹುಡುಗಿ ಬಿ.ಎಸ್ಸಿ. ಓದಿದೆ, ಈ ಪುಸ್ತಕದಲ್ಲಿ ಏನದೆ ಅಂತ ಹೇಳ್ತದೆ. ನೀವೂ ಕೇಳಿ. ಓದವ್ವ."

ಸರ್ವಮಂಗಳ ಪುಸ್ತಕ ತೆರೆದಳು. ಮೊದಲ ಸಲ ನೋಡುವವಳ ಹಾಗೆ ಪುಟಗಳನ್ನು ನಿಧಾನವಾಗಿ ತಿರುವಿದಳು. ಪುಟದಂಚಿನ ಪೆನ್ಸಿಲ್ ಬರಹದ ಕಡೆ ಕಣ್ಣು ಹೋಗದಂತೆ ಹೆಬ್ಬೆರಳು ಅಡ್ಡ ಇಟ್ಟುಕೊಂಡಳು.

"ಮಿಷನ್ನು ಹೊಟ್ಟೆಯ ಎಡಗಡೆ, ಚರ್ಮದ ಕೆಳಗೆ ಇರುತ್ತೆ," ಎಂದಳು. "ಅದರ ತಂತಿ ಹೃದಯದ ಮೇಲೆ ಹೊಲಿದಿರೋ ಪಟ್ಟಿಗಳಿಗೆ ಹೋಗುತ್ತೆ. ಹೃದಯ ಬಡಿಯೋದು ಬಿಟ್ಟು ಬರೀ ನಡುಗೋಕೆ ಶುರುವಾದ್ರೆ ಮಿಷನ್ನೇ ಒಳಗಿಂದ ಕರೆಂಟು ಕೊಡುತ್ತೆ. ರೋಗಿಗೆ ಎದೆಗೆ ಒದ್ದ ಹಾಗಾಗುತ್ತೆ."

"ಕುದುರೆ ಒದ್ದಂಗೆ," ಎಂದರು ಬೆಟ್ಟಯ್ಯ. ಅವರ ತಂದೆ ಕುಣಿಗಲ್ಲಿನಲ್ಲಿ ಕುದುರೆ ಪಳಗಿಸುತ್ತಿದ್ದವರು, ಹೋಲಿಕೆಯೆಲ್ಲ ಅಲ್ಲಿಂದಲೇ. "ಮುಂದೆ?"

"ಆಗ ಮೈ ಮುಟ್ಟಿದೋರಿಗೆ ಸ್ವಲ್ಪ ಜುಮ್ ಅನ್ನಬಹುದು, ಅಪಾಯ ಇಲ್ಲ. ಮಿಷನ್ ಕೆಲಸ ಮಾಡದೆ ರೋಗಿ ಎಚ್ಚರ ತಪ್ಪಿದ್ರೆ ಡಾಕ್ಟರು ಅದಕ್ಕೋಸ್ಕರ ಕಾಯಬಾರದು. ಹೊರಗಿಂದ ಶಾಕ್ ಕೊಡಬೇಕು. ಶಾಕ್ ಕೊಡೋ ಹಿಡಿಗಳನ್ನ ಮಿಷನ್ ಪೆಟ್ಟಿಗೆಯ ಮೇಲೇ ಇಡಬಾರದು, ದೂರ ಇಡಬೇಕು. ಹೃದಯದ ಮೇಲಿನ ಪಟ್ಟಿ ಹೊರಗಿನ ಕರೆಂಟನ್ನ ತಡೀಬಹುದು. ಒಂದು ಸಲಕ್ಕೆ ಆಗ್ದಿದ್ರೆ ಒಂದನ್ನ ಎದೆಗೂ ಇನ್ನೊಂದನ್ನ ಬೆನ್ನಿಗೂ ಇಟ್ಟು ಕೊಡಬೇಕು."

ಆಂಜನಪ್ಪ ಕಣ್ಣು ಮುಚ್ಚಿಕೊಂಡರು.

"ಅಂದ್ರೆ ನೀವು ಕರೆಂಟು ಕೊಟ್ಟಿದ್ದು ತಪ್ಪಲ್ಲ," ಎಂದರು ಬೆಟ್ಟಯ್ಯ.

"ಬೆನ್ನಿಗೆ ಇಡಬೇಕಿತ್ತು ಸಾರ್. ನಾನು ಎರಡು ಸಲವೂ ಎದೆ ಮೇಲೇ ಇಟ್ಟೆ. ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡ್ದಾಗ ಸೋಪಿನ ಡಬ್ಬಿಯಷ್ಟು ದಪ್ಪ ಸಿಕ್ತು. ಇದೇನು ಅಂದೆ, ಹರ್ನಿಯಾ ಅಂದ್ರು. ಎದೆ ಮೇಲಿನ ಹೊಲಿಗೆ ಕೇಳ್ದೆ, ಎತ್ತು ತಿವಿದಿತ್ತು ಅಂದ್ರು. ಏನಾಗಿ ಬಂದ್ರಿ ಅಂದ್ರೆ, ಗ್ಯಾಸು, ಎರಡು ಸಲ ಎದೆಗೆ ಒದೀತು ಅಂದ್ರು. ನಾನು ನಂಬಿದೆ." ಅವರ ದನಿ ಏರಲಿಲ್ಲ, ಕೇಸ್ ಶೀಟ್ ಓದುವವರ ಹಾಗೆ ಹೇಳುತ್ತಾ ಹೋದರು. "ಒಬ್ರು, ಈ ಊರಲ್ಲಿ ಒಬ್ಬರೇ ಒಬ್ರು, ಇವರ ಹೊಟ್ಟೇಲಿ ಮಿಷನ್ ಇದೆ ಅಂತ ನನಗೆ ಹೇಳಿದ್ರೆ ಸಾಕಿತ್ತು."

ಆ ಒಬ್ಬಳು ಅವರಿಂದ ಮೂರು ಅಡಿ ದೂರದಲ್ಲಿ ಪುಸ್ತಕ ಹಿಡಿದು ಕೂತಿದ್ದಳು.

ಶನಿವಾರ ಹನ್ನೊಂದು ಗಂಟೆಗೆ ರಿಜಿಸ್ಟರಿನಲ್ಲಿ ಹೆಸರು ಬರೆಸುವಾಗ ಮಹಾಲಿಂಗಯ್ಯ ಅವಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಿದ್ದರು. ಮಗಳಿಗೆ ಸಂಬಂಧ ನೋಡುತ್ತಿದ್ದರು. ಹೊಟ್ಟೆಯಲ್ಲಿ ಮಿಷನ್ ಇಟ್ಟುಕೊಂಡವನ ಮನೆಯ ಹೆಣ್ಣು ಎಂದು ಗಂಡಿನ ಕಡೆಯವರು ಹಿಂದೆಗೆಯಬಾರದಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಅವಳು ಜನವರಿಯಲ್ಲೇ ಮಾತು ಕೊಟ್ಟಿದ್ದಳು. ಮೂರೂವರೆಗೆ ವಾರ್ಡಿನಲ್ಲಿ ಕೂಗಾಟ ಎದ್ದಾಗ ಬಾಗಿಲವರೆಗೂ ಓಡಿದ್ದಳು. 'ಡಾಕ್ಟ್ರೇ' ಎನ್ನುವುದು ಗಂಟಲವರೆಗೂ ಬಂದಿತ್ತು. ಜನ ತುಂಬಿದ್ದರು. ಅಷ್ಟು ಜನರ ಮಧ್ಯೆ ಅವಳು ಹುಟ್ಟಿದಾಗಿನಿಂದ ಬಾಯಿ ಬಿಟ್ಟವಳಲ್ಲ.

"ಅಯಸ್ಕಾಂತದ ವಿಷಯ ಏನಾದ್ರೂ ಅದಾ ನೋಡು," ಎಂದರು ಬೆಟ್ಟಯ್ಯ.

ಹದಿನಾಲ್ಕನೇ ಪುಟ. ಅವಳು ಹುಡುಕುವವಳ ಹಾಗೆ ನಟಿಸಿ ತೆರೆದಳು.

"ಮಿಷನ್ನಿನ ಮೇಲೆ ಗಟ್ಟಿ ಅಯಸ್ಕಾಂತ ಇಟ್ರೆ, ಒಂದೊಂದು ಬಡಿತಕ್ಕೂ ಒಂದೊಂದು ಸಣ್ಣ ಸದ್ದು ಬರುತ್ತೆ. ಮೂವತ್ತು ಸೆಕೆಂಡು ಹಾಗೇ ಹಿಡಿದ್ರೆ ಮಿಷನ್ ಆಫ್ ಆಗುತ್ತೆ. ಆಮೇಲೆ ಬಿಟ್ಟು ಬಿಟ್ಟು ಬರೋ ಸದ್ದಿಲ್ಲ, ಒಂದೇ ಉದ್ದ ಸದ್ದು. ಅಯಸ್ಕಾಂತ ತೆಗೆದ್ರೂ ಆಫೇ ಇರುತ್ತೆ. ಮತ್ತೆ ಮೂವತ್ತು ಸೆಕೆಂಡು ಹಿಡಿದ್ರೆ ಆನ್ ಆಗುತ್ತೆ."

"ಹಂಗೋ." ಬೆಟ್ಟಯ್ಯ ಚೀಲದಿಂದ ಕರ್ಚೀಫಿನ ಗಂಟೊಂದನ್ನು ತೆಗೆದು ಬಿಚ್ಚಿದರು. ಹೊಳೆಯುವ ಲೋಹದ ಪೆಟ್ಟಿಗೆ. ಕತ್ತರಿಸಿದ ತಂತಿಗಳು ಜಿರಲೆಯ ಮೀಸೆಯಂತೆ ಚಾಚಿದ್ದವು. "ಪೋಸ್ಟ್‌ಮಾರ್ಟಂನೋರು ತೆಗೆದಿಟ್ಟಿದ್ರು. ಈಗಿನ ಇನ್ಸ್‌ಪೆಕ್ಟರು ಒಂದು ಕಾಲದಲ್ಲಿ ನನ್ನ ಕೈಕೆಳಗಿದ್ದೋರು, ಎರಡು ಗಂಟೆ ತನಕ ಅಂತ ಕೊಟ್ಟವ್ರೆ." ಜೇಬಿನಿಂದ ಕುದುರೆಲಾಳದ ಆಕಾರದ ಅಯಸ್ಕಾಂತ ತೆಗೆದು ಪೆಟ್ಟಿಗೆಯ ಮೇಲಿಟ್ಟರು.

ಸದ್ದು ಬಂತು. ತೆಳ್ಳಗೆ, ಒಂದೇ ಎಳೆಯಾಗಿ, ಸೊಳ್ಳೆ ಕಿವಿಯಲ್ಲಿ ಗುಂಯ್‌ಗುಟ್ಟಿದ ಹಾಗೆ. ನಿಲ್ಲಲಿಲ್ಲ.

ಬೆಟ್ಟಯ್ಯ ತಕ್ಷಣ ಅಯಸ್ಕಾಂತ ಎತ್ತಿಕೊಂಡರು. "ಉದ್ದ ಸದ್ದು. ಅಂದ್ರೆ ಸಾಯೋದಕ್ಕೆ ಮುಂಚೇನೇ ಯಾರೋ ಇದನ್ನ ಆಫ್ ಮಾಡವ್ರೆ. ಬೆಳಿಗ್ಗೆ ಎರಡು ಸಲ ಒದ್ದು ಉಳಿಸಿದ ಮಿಷನ್ನು ಮೂರೂವರೆಗೆ ಸುಮ್ನಿದ್ದಿದ್ದು ಅದಕ್ಕೇ. ಸಾಯಿಸಿದ್ದು ಕರೆಂಟಲ್ಲ ಡಾಕ್ಟ್ರೇ. ಕರೆಂಟು ಇಲ್ದೇ ಹೋಗಿದ್ದು."

ಆಂಜನಪ್ಪ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಇಷ್ಟಕ್ಕೇ ಪೊಲೀಸ್ನೋರು ಬಿಡ್ತಾರಾ ಸಾರ್?"

"ಬಿಡಲ್ಲ. ಯಾರು ಅಂತ ತೋರಿಸ್ಬೇಕು. ತೋರಿಸ್ದಿದ್ರೆ, ಡಾಕ್ಟರೇ ಆಫ್ ಮಾಡಿರಬೌದಲ್ಲ ಅಂತಾರೆ. ಭದ್ರಮ್ಮ! ಬಂದ್ರಾ ಅವರು?"

ಆಯಾ ಭದ್ರಮ್ಮ ಕಾರಿಡಾರಿನಿಂದಲೇ ಕೂಗಿದಳು. "ಬಂದವ್ರೆ ಸಾಮಿ! ಮುಖ ನೋಡಿದ್ರೆ ಯಾರನ್ನಾದ್ರೂ ಕಚ್ಚಂಗವ್ರೆ."

ಮಹಾದೇವಯ್ಯ ಒಳಗೆ ಬಂದರು. ಸತ್ತವರ ತಮ್ಮ. ಅಣ್ಣನಷ್ಟೇ ಎತ್ತರ, ಅಣ್ಣನಷ್ಟೇ ಅಗಲ. ಆಂಜನಪ್ಪನನ್ನು ಕಂಡದ್ದೇ ಬಾಗಿಲಲ್ಲೇ ನಿಂತರು.

"ಈಯಪ್ಪ ಇರೋ ರೂಮಲ್ಲಿ ನಾನು ಕೂರಲ್ಲ."

"ನಿಂತೇ ಹೇಳಿ, ಕಾಲು ನಿಮ್ಮವೇ," ಎಂದರು ಬೆಟ್ಟಯ್ಯ. "ಶನಿವಾರ ಮೂರು ಗಂಟೆಯಿಂದ ಅಣ್ಣನ ಪಕ್ಕದಲ್ಲಿದ್ದೋರು ನೀವೊಬ್ರೇ. ಏನ್ಮಾಡ್ತಿದ್ರಿ?"

"ಏನ್ಮಾಡ್ತಾರ್ರೀ? ಬೆಂಗಳೂರಲ್ಲಿ ಮ್ಯಾಚ್ ಇತ್ತು. ಕಾಮೆಂಟರಿ ಕೇಳ್ತಿದ್ವಿ."

ಬೆಟ್ಟಯ್ಯ ಚೀಲದಿಂದ ಕೊನೆಯ ವಸ್ತು ತೆಗೆದರು. ಕಂದು ಬಣ್ಣದ ಎರಡು ಬ್ಯಾಂಡಿನ ರೇಡಿಯೋ.

"ಇದರಲ್ಲಾ?"

"ಹೂಂ, ಇದೇ. ನನಗೆ ಸರಿಯಾಗಿ ಕೇಳಿಸ್ತಾ ಇರಲಿಲ್ಲ, ಅಣ್ಣ ಹೊಟ್ಟೆ ಮೇಲಿಟ್ಕೊಂಡು ಕೈಯಲ್ಲಿ ಹಿಡ್ಕೊಂಡಿದ್ದ. ಮಲಗಿರೋನು ರೇಡಿಯೋನ ಇನ್ನೆಲ್ಲಿ ಇಟ್ಕೋತಾನೆ? ತಲೆ ಮೇಲಾ?"

"ಯಾವ ಕೈ?"

"ಎಡಗೈ... ಯಾಕೆ?"

ಬೆಟ್ಟಯ್ಯ ವಾಚಿನ ಕಡೆ ನೋಡಿದರು. "ರೇಡಿಯೋ ಸರಿಯಾಗಿ ಹಾಡ್ತಿತ್ತಾ?"

"ಎಲ್ಲಿ ಸರಿ? ಮೊದ್ಲು ಕುಯ್, ಕುಯ್, ಕುಯ್ ಅಂತ. ಆಮೇಲೆ ಒಂದೇ ಸಮ ಕುಂಯ್ಯ್ ಅಂತ ಹಿಡ್ಕೊಳ್ತು. ನಾನು ಮುಳ್ಳು ತಿರುಗಿಸ್ದೆ, ಹೋಗಲಿಲ್ಲ. ಅಣ್ಣ ನಗ್ತಾ ಇದ್ದ, 'ಹೊಟ್ಟೆ ಒಳಗಿಂದಾನೇ ಶಿಳ್ಳೆ ಹೊಡೆದಂಗಿದೆ ಕಣೋ ಮಾದೇವ' ಅಂತ. ನಾನೂ ನಕ್ಕೆ. ಸದ್ದು ಕೇಳಬಾರದು ಅಂತ ವಾಲ್ಯೂಮ್ ಜಾಸ್ತಿ..."

ಮಾತು ಅಲ್ಲೇ ನಿಂತಿತು. ಮೇಜಿನ ಮೇಲಿನ ಲೋಹದ ಪೆಟ್ಟಿಗೆಯ ಪಕ್ಕಕ್ಕೆ ಬೆಟ್ಟಯ್ಯ ರೇಡಿಯೋವನ್ನು ಮೆಲ್ಲಗೆ ಸರಿಸಿದ್ದರು. ಕುಂಯ್ಯ್.

ಮಹಾದೇವಯ್ಯನವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕೂರುವುದಿಲ್ಲ ಎಂದವರು ಪಕ್ಕದ ಸ್ಟೂಲಿನ ಮೇಲೆ ಕುಸಿದರು.

"ಅದೇ ಸದ್ದು," ಎಂದರು. "ಅದೇನದು? ನನಗೆ ಗೊತ್ತಿಲ್ಲ ಸಾರ್. ಅಣ್ಣಂಗೆ ಹೊಟ್ಟೇಲಿ ಮಿಷನ್ ಇದ್ದಿದ್ದೇ ನನಗೆ ಗೊತ್ತಿಲ್ಲ. ಒಡಹುಟ್ಟಿದ ತಮ್ಮ ನಾನು. ನನಗೇ ಹೇಳಿಲ್ಲ ಅವನು!" ದುಃಖಕ್ಕಿಂತ ಹೆಚ್ಚಾಗಿ ಅವಮಾನದಿಂದ ಅವರ ತುಟಿ ಅದುರಿತು.

"ರೇಡಿಯೋ ಯಾರದು?"

"ನಂದಲ್ಲ. ನಾನು ಬರೋ ಹೊತ್ತಿಗೆ ಮಂಚದ ಮೇಲಿತ್ತು."

"ನಾನು ಕೊಟ್ಟಿದ್ದು ಸಾಮಿ," ಭದ್ರಮ್ಮ ಬಾಗಿಲಿಂದ ಇಣುಕಿದಳು. "ಎರಡೂವರೆಗೆ ಒಬ್ಬ ಆಟೋದೋನು ತಂದ. ಗುಬ್ಬಿ ಸಾವ್ಕಾರ್ರಿಗೆ ಮ್ಯಾಚ್ ಕೇಳಾಕೆ, ಬೇಕಾದೋರು ಕಳಿಸವ್ರೆ ಅಂದ. ಯಾವ ಬೇಕಾದೋರಪ್ಪ ಅಂದೆ. ಹೊಂಟೇಹೋದ."

"ಸಾವ್ಕಾರ್ರು ಇಲ್ಲಿಗೆ ಬಂದಿದ್ದು ಹನ್ನೊಂದಕ್ಕೆ. ಎರಡೂವರೆಗೆ ರೇಡಿಯೋ ಬಂತು. ಅಷ್ಟರೊಳಗೆ ಇವರು ಇಲ್ಲಿ ಮಲಗವ್ರೆ ಅಂತ ಯಾರಿಗೆ ಗೊತ್ತಾಯ್ತು?" ಬೆಟ್ಟಯ್ಯ ಪ್ರಶ್ನೆಯನ್ನು ಯಾರ ಕಡೆಗೂ ತಿರುಗಿಸಲಿಲ್ಲ. ಜೇಬಿನಿಂದ ನಾಲ್ಕಾಣೆಯ ಬಿಲ್ಲೆ ತೆಗೆದು ರೇಡಿಯೋದ ಬೆನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಸರ್ವಮಂಗಳಳಿಗೆ ಗೊತ್ತಿತ್ತು. ಶನಿವಾರ ಒಂದು ಗಂಟೆಗೆ ಮನೆಯಿಂದ ಬಂದ ಊಟದ ಕ್ಯಾರಿಯರ್ ತೆಗೆದುಕೊಳ್ಳುವಾಗ ಅವಳೇ ಹೇಳಿದ್ದಳು: 'ಗುಬ್ಬಿ ಮಹಾಲಿಂಗಯ್ಯನೋರು ಅಡ್ಮಿಟ್ ಆಗಿದಾರೆ, ಪಾಪ.' ಬರೀ ಅಷ್ಟು. ಸಾರು ತಣ್ಣಗಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ.

ರೇಡಿಯೋದ ಬೆನ್ನಿನ ಮುಚ್ಚಳ ಬಿಚ್ಚಿಬಂತು. ಅದರ ಒಳಮೈಗೆ ದಪ್ಪನೆಯ ಕಪ್ಪು ಬಳೆಯಂಥ ಅಯಸ್ಕಾಂತವೊಂದನ್ನು ಗಟ್ಟಿ ಅಂಟು ಹಾಕಿ ಕೂರಿಸಿದ್ದರು.

"ಈ ರೇಡಿಯೋ ಸ್ಪೀಕರಿನದಲ್ಲ ಇದು. ಅದರದು ಇಲ್ಲಿ ಬೇರೆ ಅದೆ, ಚೋಟುದ್ದ. ಇದು ದೊಡ್ಡ ಸ್ಪೀಕರಿನದು. ಮದುವೆ ಮನೆ, ನಾಟಕದ ಸ್ಟೇಜು, ಅಲ್ಲಿಗೆಲ್ಲ ತರ್ತಾರಲ್ಲ, ಅಂಥದ್ದು." ಬೆಟ್ಟಯ್ಯ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಅಯಸ್ಕಾಂತದ ಮೇಲೆ ಯಾರೋ ಕೆಂಪು ಪೇಂಟಲ್ಲಿ ಅಕ್ಷರ ಬರೆದವ್ರೆ. ಆಮೇಲೆ ಬ್ಲೇಡಲ್ಲಿ ಕೆರೆದವ್ರೆ. ಪೂರ್ತಿ ಹೋಗಿಲ್ಲ."

ಒಂದೇ ಕಾರ್ಯಕ್ಕೆ ಎರಡು ಅಂಗಡಿಯಿಂದ ಮೈಕ್ ಸೆಟ್ ಬಂದರೆ ಸಾಮಾನು ಬೆರೆತುಹೋಗುತ್ತದೆ. ಅದಕ್ಕೆ ಪ್ರತಿ ಅಂಗಡಿಯವರೂ ಸ್ಪೀಕರಿನ ಬೆನ್ನ ಮೇಲೆ, ಆಂಪ್ಲಿಫೈಯರಿನ ಪಕ್ಕದಲ್ಲಿ, ಕೊನೆಗೆ ವೈರಿನ ಸುತ್ತಿನ ಮೇಲೂ ತಮ್ಮ ಗುರುತು ಹಾಕಿರುತ್ತಾರೆ. ಹೋದ ಯುಗಾದಿ ರಜೆಯಲ್ಲಿ ಹೊರಪೇಟೆಯ ಮನೆಯ ಜಗಲಿಯ ಮೇಲೆ ಹಳೇ ಪೇಪರ್ ಹಾಸಿಕೊಂಡು, ಸಣ್ಣ ಬ್ರಷ್ಷಿನಲ್ಲಿ ನಲವತ್ತು ಸಲ ಒಂದೇ ಅಕ್ಷರವನ್ನು ಬರೆದವಳು ಸರ್ವಮಂಗಳ. 'ನಿನ್ನ ಅಕ್ಷರ ಅಚ್ಚು ಹಾಕ್ದಂಗಿದೆ, ನೀನೇ ಬರಿ' ಎಂದಿದ್ದ ಅಣ್ಣ.

ವೀ.

"ನಾನು ಬೆಳಿಗ್ಗೆ ಬಂದೋನೇ ನಿಮ್ಮ ಅಡ್ಮಿಷನ್ ರಿಜಿಸ್ಟರ್ ನೋಡ್ದೆ ಕಣವ್ವ," ಎಂದರು ಬೆಟ್ಟಯ್ಯ. ದನಿಯಲ್ಲಿ ಗದರಿಕೆ ಇರಲಿಲ್ಲ. "ಆಮೇಲೆ ಈ ಪುಸ್ತಕದ ಅಂಚಲ್ಲಿ ಪೆನ್ಸಿಲ್ಲಲ್ಲಿ ಕನ್ನಡದ ಅರ್ಥ ಬರೆದಿರೋದು ನೋಡ್ದೆ. ನೀನು ಹೆಬ್ಬೆಟ್ಟು ಇಟ್ಟು ಮುಚ್ಚಿದ್ಯಲ್ಲ, ಅದು. ಈಗ ಈ ಕೆಂಪಕ್ಷರ. ಮೂರೂ ಒಂದೇ ಕೈ. ಕುದುರೆ ಹೆಜ್ಜೆ ನೋಡಿ ಕುದುರೆ ಹೇಳಿದ ವಂಶ ನಮ್ದು, ಹುಡುಗಿ ಅಕ್ಷರ ಗೊತ್ತಾಗಲ್ವಾ?"

ಆಂಜನಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದ್ದದ್ದು ಬರೀ ಅರ್ಥವಾಗದ ಗೊಂದಲ.

"ಮಂಗಳಾ? ನಿಮಗೆ ಗೊತ್ತಿತ್ತಾ?"

ಮೆಟ್ಟಿಲ ಮೇಲೆ ಬೀಗದ ಕೈ ಗೊಂಚಲಿನ ಸದ್ದಾಯಿತು. ಒಂದು ಗಂಟೆ. ದಿನವೂ ಅದೇ ಹೊತ್ತು, ಅದೇ ಸದ್ದು.

ಬಾಗಿಲಲ್ಲಿ ವೀರಭದ್ರಯ್ಯ ನಿಂತಿದ್ದ. ಕೈಯಲ್ಲಿ ಮೂರು ಬಟ್ಟಲಿನ ಕ್ಯಾರಿಯರ್, ಸೊಂಟದಲ್ಲಿ ಅಂಗಡಿ, ಮನೆ, ಪೆಟ್ಟಿಗೆ ಎಲ್ಲದರ ಬೀಗದ ಕೈಗಳು. ಅಪ್ಪ ಸತ್ತಾಗಿನಿಂದ ಅವಳ ಫೀಸು ಕಟ್ಟಿದವನು, ಪರೀಕ್ಷೆಯ ದಿನಗಳಲ್ಲಿ ಸೈಕಲ್ಲಿನಲ್ಲಿ ಕಾಲೇಜಿಗೆ ಬಿಟ್ಟವನು, ಒಂದು ದಿನವೂ ಅವಳ ಊಟ ತಪ್ಪಿಸದವನು.

"ಏನ್ ಮಂಗಳಾ, ಇಷ್ಟೊಂದು ಜನ?"

"ಓಹೋ, ಮೈಕ್ ಸೆಟ್ ವೀರಭದ್ರಯ್ಯ!" ಮಹಾದೇವಯ್ಯ ಸ್ಟೂಲಿನಿಂದಲೇ ಗುರಾಯಿಸಿದರು. "ನಮ್ಮಣ್ಣನ ಮಗಳನ್ನ ಕೇಳೋಕೆ ಬಂದಿದ್ಯಲ್ಲಪ್ಪ, ಎರಡು ವರ್ಷದ ಕೆಳಗೆ. 'ಮೈಕ್ ಕಟ್ಟೋನಿಗೆ ಹೆಣ್ಣು ಕೊಡಲ್ಲ' ಅಂತ ಅಣ್ಣ ಯಾರದೋ ಮದುವೆ ಚಪ್ಪರದಲ್ಲಿ ಅಷ್ಟು ಜನದ ಮುಂದೆ ಅಂದು ಕಳಿಸಿದ್ದ. ಈಗ ನೋಡೋಕೆ ಬಂದ್ಯಾ?"

ವೀರಭದ್ರಯ್ಯನ ಕಣ್ಣು ಮೇಜಿನ ಮೇಲಿದ್ದ ರೇಡಿಯೋದ ಮುಚ್ಚಳದ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ತಂಗಿಯ ಮುಖಕ್ಕೆ ಬಂತು. "ಊಟ ಮಾಡು, ತಣ್ಣಗಾಗುತ್ತೆ," ಎಂದ. ಕ್ಯಾರಿಯರನ್ನು ಮೇಜಿನ ಮೇಲಿಟ್ಟ.

ಕೆಳಗೆ ಜೀಪು ಬಂದು ನಿಂತಿತು.

"ಎರಡು ಗಂಟೆ ಅಂದಿದ್ರು, ಇಷ್ಟು ಬೇಗ ಬಂದ್ರಲ್ಲ," ಎಂದು ಬೆಟ್ಟಯ್ಯ ಗೊಣಗಿದರು.

ಆಂಜನಪ್ಪ ಎದ್ದರು. ಬಿಳಿ ಕೋಟನ್ನು ಬಿಚ್ಚಿ, ಇಸ್ತ್ರಿ ಮುರಿಯದಂತೆ ಮಡಿಸಿ, ರಿಜಿಸ್ಟರುಗಳ ಮೇಲಿಟ್ಟರು. ಕಿವಿಗೆ ಹಾಕುವ ಸ್ಟೆತಾಸ್ಕೋಪನ್ನು ಅದರ ಮೇಲೆ ಸುತ್ತಿಟ್ಟರು. "ಇದನ್ನ ನಮ್ಮೂರಿಗೆ ಕಳಿಸಿಬಿಡಿ ಮಂಗಳಾ. ಬೆಂಗಳೂರಿಂದ ನಮ್ಮಪ್ಪ ತಂದುಕೊಟ್ಟಿದ್ದು."

ಬೂಟುಗಾಲುಗಳು ಮೆಟ್ಟಿಲು ಹತ್ತುತ್ತಿದ್ದವು. ರೂಮಿನಲ್ಲಿ ಐದು ಜನ, ಬಾಗಿಲಲ್ಲಿ ಭದ್ರಮ್ಮ. ಇಷ್ಟು ಜನರ ಮಧ್ಯೆ ಅವಳು ಬಾಯಿ ಬಿಟ್ಟವಳಲ್ಲ. ಶನಿವಾರವೂ ಬಿಟ್ಟಿರಲಿಲ್ಲ.

ಸರ್ವಮಂಗಳ ಎದ್ದು ನಿಂತಳು.

"ಜನವರಿ ಹತ್ತೊಂಬತ್ತಕ್ಕೆ ಮಹಾಲಿಂಗಯ್ಯನೋರಿಗೆ ಈ ಪುಸ್ತಕ ಓದಿ ಹೇಳಿದ್ದು ನಾನು, ಸಾರ್. ಆವತ್ತೇ ಅವರ ಮಿಷನ್ನು, ಅಯಸ್ಕಾಂತದ ವಿಷಯ ಎಲ್ಲ ಡೈರೀಲಿ ಬರ್ಕೊಂಡೆ. ಬೇರೆ ಯಾರಿಗೂ ಹೇಳಿಲ್ಲ. ಹೋದ ವಾರದ ಭಾನುವಾರ ಆ ಪುಟ ಯಾರೋ ಓದಿದಾರೆ. ಡೈರಿ ಇರೋ ಟ್ರಂಕಿಗೆ ಎರಡೇ ಬೀಗದ ಕೈ." ಅವಳು ಕುತ್ತಿಗೆಯ ದಾರವನ್ನು ಎಳೆದು, ಅದರ ತುದಿಯ ಸಣ್ಣ ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. "ಒಂದು ಇದು."

ವೀರಭದ್ರಯ್ಯನ ಕೈ ತನ್ನಷ್ಟಕ್ಕೆ ತಾನೇ ಸೊಂಟದ ಗೊಂಚಲಿನ ಮೇಲೆ ಹೋಯಿತು. ಸದ್ದು ಮಾಡದಂತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಇನ್ನೊಂದು ನಮ್ಮಣ್ಣನ ಹತ್ರ ಇದೆ."